ಕೋಟೆ ಇಳಿಯದ ಜಸಿಂತೊ

ಮೊನ್ಸಾಲ್ವೊ ಕೋಟೆಗೆ ಬರುವವರು ಮೊದಲು ಏದುಸಿರು ಬಿಡುತ್ತಾರೆ. ಆಮೇಲೆ ಕೆಳಗಿನ ಕೆರೆ ನೋಡುತ್ತಾರೆ. ಆಮೇಲೆ ಫೆಲಿಸ್ಮೀನಳನ್ನು ನೋಡುತ್ತಾರೆ. ಅವಳು ಇಗರ್ಜಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಕಪ್ಪು ಲಂಗ, ಕಪ್ಪು ಶಾಲು, ಕಪ್ಪು ಕಾಲುಚೀಲ. ಮಡಿಲಲ್ಲಿ ಇಗರ್ಜಿಯ ಬೀಗದಕೈ. ಬೆನ್ನು ಕೆರೆಯ ಕಡೆ.

ಅಕ್ಟೋಬರಿನಲ್ಲಿ ಒಂದು ದಿನ ಎವರಿಸ್ತೊ ಬಸ್ಸು ತುಂಬ ಹೊರದೇಶದವರನ್ನು ಕರೆತಂದಿದ್ದ. ಜನರಿಗೆ ಕೋಟೆ ತೋರಿಸಿ ಹೊಟ್ಟೆ ಹೊರೆಯುವವನು ಅವನು. ಬುರುಜು ತೋರಿಸಿದ, ಗೋಡೆ ತೋರಿಸಿದ, ಕೊನೆಗೆ ಇಗರ್ಜಿಯ ಮುಂದೆ ನಿಂತು ಫೆಲಿಸ್ಮೀನಳನ್ನೂ ತೋರಿಸಿದ. ಟೋಪಿ ಹಾಕಿದ ಒಬ್ಬ ಹೆಂಗಸು ಅವನ ಹತ್ತಿರ ಏನೋ ಅಂದಳು.

"ಫೆಲಿಸ್ಮೀನಮ್ಮ, ನೀವು ಪುಣ್ಯ ಮಾಡಿದ್ರಿ ಅಂತಿದಾರೆ ಇವ್ರು. ಬೆಳಗ್ಗೆ ಎದ್ರೆ ಕಣ್ಮುಂದೆ ಇಂಥಾ ಕೆರೆ!"

"ಹೌದಾ? ಹಂಗಿದ್ರೆ ಅವ್ರಿಗೆ ಈ ಕುರ್ಚೀಲಿ ಕೂತ್ಕೊಳ್ಳಕ್ಕೆ ಹೇಳು. ನಾನು ಅವ್ರ ಬಸ್ ಹತ್ಕೊಂಡು ಹೋಗ್ತೀನಿ."

ಎವರಿಸ್ತೊ ಅದನ್ನು ಆ ಹೆಂಗಸಿಗೆ ಬೇರೆ ಏನೋ ಮಾಡಿ ಹೇಳಿದ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು.

"ಏನು ಹೇಳ್ದೆ?"

"ನಿಮ್ಮೆಲ್ಲರಿಗೂ ಒಳ್ಳೇದಾಗಲಿ ಅಂತಿದಾರೆ ಅಂದೆ."

"ಸುಳ್ಳು ಹೇಳೇ ಸಾಯ್ತೀಯ ನೀನು."

"ಸತ್ಯ ಹೇಳಿದ್ರೆ ಮತ್ತೆ ಯಾರು ಬರ್ತಾರಮ್ಮ ಈ ಗುಡ್ಡ ಹತ್ಕೊಂಡು?"

ಬಸ್ ಹತ್ತುತ್ತೇನೆ ಅಂದದ್ದು ತಮಾಷೆಯಲ್ಲ. ಅವಳ ಎರಡು ಗಂಟು ಆಗಲೇ ಕಟ್ಟಿಟ್ಟಿದ್ದವು. ಕೋಳಿಗಳನ್ನು ಗುಂಡಿ ತೋಡುವ ಲಿಬಾನಿಯೊನ ಮನೆಗೆ ಕೊಟ್ಟಾಗಿತ್ತು. ಸತ್ತವರ ಹಬ್ಬ ಮುಗಿದ ಕೂಡಲೇ ಅವಳ ಗಂಡ ಜಸಿಂತೊನ ಗುಂಡಿ ತೆರೆಯುವುದಿತ್ತು. ಅವನ ಎಲುಬು ಕೈಗೆ ಬಂದ ದಿನ ಅವಳು ಈ ಗುಡ್ಡ ಇಳಿಯುವವಳು.

ಫೆಲಿಸ್ಮೀನ ಕೋಟೆಯವಳಲ್ಲ. ಕೆಳಗೆ ವಾರ್ಜಿಯ ಅಂತ ಹಳ್ಳಿಯಿತ್ತು, ಅಲ್ಲಿಯವಳು. ನಾಲ್ಕು ಬೀದಿ, ಒಂದು ಹಳ್ಳ, ಹಳ್ಳದ ದಂಡೆಗೆ ಬಟ್ಟೆ ಒಗೆಯುವ ಕಲ್ಲು. ಜಸಿಂತೊ ಕೋಟೆಯವನು. ಗೋಡೆಗೆ ಸುಣ್ಣ ಬಳಿಯುವುದು ಅವನ ಕೆಲಸ, ಇಗರ್ಜಿಯ ಬೀಗ ನೋಡಿಕೊಳ್ಳುವುದು ಅವನಪ್ಪನಿಂದ ಬಂದದ್ದು. ವಾರ್ಜಿಯದ ಮನೆಗಳಿಗೆ ಸುಣ್ಣ ಬಳಿಯಲು ಬಂದವನು ಇವಳ ಮನೆಗೆ ಎರಡು ಸಲ ಬಳಿದ. ಒಂದು ಸಲ ಸಾಕಾಗಿತ್ತು. ಅವಳಪ್ಪನಿಗೆ ಅರ್ಥವಾಯಿತು.

ಮದುವೆಯಾಗಿ ಮೇಲೆ ಬಂದಳು. ಕೋಟೆಯ ಬಾಗಿಲು ದಾಟಿದಾಗ ಅವಳಿಗೆ ಅನಿಸಿದ್ದು ಇಷ್ಟೇ: ಇಲ್ಲಿ ನೀರಿಲ್ಲ. ಕೊಡ ಹೊತ್ತು ಹತ್ತಬೇಕು. ಹತ್ತಿದಳು. ಅತ್ತೆ ಒಳ್ಳೆಯವಳಲ್ಲ, ಕೆಟ್ಟವಳೂ ಅಲ್ಲ. ಬೇಸರವಾದರೆ ಗೋಡೆಯ ಹತ್ತಿರ ಹೋಗಿ ನಿಂತರೆ ತವರುಮನೆಯ ಹೊಗೆ ಕಾಣುತ್ತಿತ್ತು. ಕಾಲುದಾರಿಯಲ್ಲಿ ಇಳಿದರೆ ಅಮ್ಮ ಒಲೆ ಮೇಲಿಟ್ಟದ್ದು ಆರುವುದರೊಳಗೆ ಹೋಗಿ ಮುಟ್ಟಬಹುದಿತ್ತು.

ಒಂದು ಹೆಣ್ಣು ಮಗು ಆಯಿತು. ಒತಿಲಿಯ. ನಡೆಯಲು ಕಲಿತಿದ್ದಳು, ಮಾತು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಒಂದು ಬೇಸಿಗೆ ವಾರ್ಜಿಯದಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ ಜ್ವರ ಬಂತು, ಹೋಯಿತು ಅಂದುಕೊಂಡರು, ಮತ್ತೆ ಬಂತು. ಜಸಿಂತೊ ಸುಣ್ಣದ ಕೈಯಲ್ಲೇ ಗುಡ್ಡ ಇಳಿದು ಓಡಿ ಬಂದ. ಮಗುವಿನ ಕೆನ್ನೆಗೆ ಸುಣ್ಣ ಹತ್ತಿತು. ಯಾರೂ ಒರೆಸಲಿಲ್ಲ. ಅಲ್ಲೇ ಹಳ್ಳಿಯ ಸ್ಮಶಾನದಲ್ಲಿ ಇಟ್ಟರು. ಮತ್ತೆ ಮಕ್ಕಳಾಗಲಿಲ್ಲ.

ಜಸಿಂತೊ ಪ್ರತಿ ಭಾನುವಾರ ಇಳಿದು ಹೋಗುತ್ತಿದ್ದ. ಹೋಗಿ ಏನು ಮಾಡುತ್ತೀ ಅಂದರೆ, "ಹುಲ್ಲು ಕೀಳ್ತೀನಿ" ಅನ್ನುತ್ತಿದ್ದ. ಅಷ್ಟು ಹುಲ್ಲು ಅಲ್ಲಿ ಎಂದೂ ಬೆಳೆಯುತ್ತಿರಲಿಲ್ಲ.

ಆಮೇಲೆ ಅಣೆಕಟ್ಟು ಬಂತು. ವಾರ್ಜಿಯವನ್ನು ನೀರು ನುಂಗುತ್ತದೆ, ಆಚೆ ದಡದಲ್ಲಿ ಹೊಸ ವಾರ್ಜಿಯ ಕಟ್ಟಿಕೊಡುತ್ತೇವೆ ಅಂದರು. ಕಟ್ಟಿಕೊಟ್ಟರು. ಸಪಾಟು ಜಾಗ, ನೆಟ್ಟಗಿನ ಬೀದಿ, ಮೆಟ್ಟಿಲಿಲ್ಲದ ಮನೆ. ಸತ್ತವರನ್ನೂ ಎತ್ತಿ ಒಯ್ದರು. ಒತಿಲಿಯ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಬಂದಳು, ಸ್ಮಶಾನದ ಗೋಡೆಯಲ್ಲಿ ಒಂದು ಗೂಡಿನಲ್ಲಿಟ್ಟು ಕಲ್ಲು ಮುಚ್ಚಿದರು. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಹಿಡಿಸುವಷ್ಟು ಜಾಗ ಉಳಿದಿತ್ತು. ಜಸಿಂತೊ ಕಲ್ಲು ಮುಚ್ಚುವ ಮೊದಲು ಒಳಗೆ ಕೈ ಹಾಕಿ ಆ ಜಾಗ ಅಳೆದು ನೋಡಿದ.

"ನನ್ನನ್ನ ಇಲ್ಲಿ ಹಾಕು," ಅಂದ.

"ಮೊದ್ಲು ಯಾರು ಹೋಗ್ತಾರೋ," ಅಂದಳು ಇವಳು.

"ನಾನೇ. ನಿನ್ನ ಮಂಡಿ ಮಾತ್ರ ಕೆಟ್ಟಿದೆ. ನಂಗೆ ಎದೆಯೇ ಕೆಟ್ಟಿದೆ."

ನೀರು ಏರಿತು. ಕಾಲುದಾರಿ ಹೋಯಿತು. ಕೋಟೆಯ ಮೇಲೆ ನಿಂತರೆ ಆಚೆ ದಡದಲ್ಲಿ ಹೊಸ ವಾರ್ಜಿಯದ ಬಿಳಿ ಮನೆಗಳು ಕಾಣುತ್ತವೆ, ಒಗೆದ ಬಟ್ಟೆ ಒಣಹಾಕಿದ್ದೂ ಕಾಣುತ್ತದೆ. ಆದರೆ ಹೋಗಬೇಕಾದರೆ ಬಸ್ಸು ಹತ್ತಿ, ಪೇಟೆಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ಬಸ್ಸು ಹತ್ತಿ, ಕೆರೆಯನ್ನೆಲ್ಲ ಸುತ್ತಬೇಕು. ಬಸ್ಸೂ ದಿನಾ ಇಲ್ಲ. ಜಸಿಂತೊನ ಭಾನುವಾರ ನಿಂತುಹೋಯಿತು. ಅವನು ಗೋಡೆಯ ಮೇಲೆ ಕೂತು ನೋಡುತ್ತಿದ್ದ. ಫೆಲಿಸ್ಮೀನ ನೋಡುತ್ತಿರಲಿಲ್ಲ. ನೋಡಿದರೆ ಮನೆ ಕೆಲಸ ಯಾರು ಮಾಡುವುದು?

ಅವನು ಹೇಳಿದಂತೆ ಅವನೇ ಮೊದಲು ಹೋದ. ಫೆಬ್ರವರಿ. ಮಳೆ ನಿಂತಿರಲೇ ಇಲ್ಲ. ಹೊಸ ವಾರ್ಜಿಯದಲ್ಲಿ ಹೂಳಲು ಆಗಲಿಲ್ಲ. ಅಲ್ಲಿಯ ನೆಲ ಅಲ್ಲಿಯವರಿಗೆ, ಜಸಿಂತೊ ಕೋಟೆಯವನು. ಗೂಡು ಮಾತ್ರ ಇವಳ ಮನೆಯವರದು, ಗೂಡಿನಲ್ಲಿ ಎಲುಬಷ್ಟೇ ಹಿಡಿಸುತ್ತದೆ. ಈಗ ಕೋಟೆಯಲ್ಲೇ ಹೂಳಿ, ಕೆಲವು ವರ್ಷ ಕಳೆದು ಗುಂಡಿ ತೆರೆದಾಗ ಎಲುಬು ತೊಳೆದು ಒಯ್ಯಿರಿ ಅಂದರು. ಎಲ್ಲರೂ ಮಾಡುವುದೇ ಅದು.

ಮೊನ್ಸಾಲ್ವೊದ ಸ್ಮಶಾನ ಬಂಡೆಯ ಮೇಲೆ. ಮಳೆ ಬಂದರೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಜಸಿಂತೊನಿಗೆ ಒದ್ದೆ ಅಂದರೆ ಆಗದು. ಕಾಲುಚೀಲ ನೆನೆದರೆ ಇಡೀ ದಿನ ಬೈದುಕೊಂಡು ತಿರುಗುತ್ತಿದ್ದ. ತಂಗಿ ಕುಸ್ತೋದಿಯ ಆಚೆ ದಡದಿಂದ ಬರುವಾಗ ಹುಲ್ಲಿನ ಬಣವೆ ಮುಚ್ಚುವ ದಪ್ಪ ಪ್ಲಾಸ್ಟಿಕ್ ತಂದಳು. ಹೊಸದು, ಮಡಿಕೆ ಬಿಚ್ಚಿರಲಿಲ್ಲ.

"ಇದ್ರಲ್ಲಿ ಸುತ್ತೋಣ ಅಕ್ಕ. ಭಾವಂಗೆ ಒಂದು ಹನಿ ತಾಗಲ್ಲ."

ಹೆಂಗಸರೆಲ್ಲ ಸೇರಿ ಸುತ್ತಿದರು. ಸೂಟು ಹಾಕಿದ ಮೇಲೆ, ಕೈಗೆ ಜಪಮಾಲೆ ಕೊಟ್ಟ ಮೇಲೆ, ಕುತ್ತಿಗೆಯಿಂದ ಪಾದದವರೆಗೆ ಸುತ್ತು ಮೇಲೆ ಸುತ್ತು. ಹಗ್ಗದಿಂದ ಮೂರು ಕಡೆ ಕಟ್ಟಿದರು. ಮುಖದ ಮೇಲೆ ಒಂದು ತುದಿ ಮಡಚಿ ಹಾಕಿದರು. ಪಕ್ಕದ ಮನೆ ಮುದುಕಿ ತಲೆಯಾಡಿಸಿ, "ನಮ್ಮೋರಿಗೂ ಹಿಂಗೇ ಮಾಡಿದ್ದು. ಬೆಚ್ಚಗೆ ಹೋಗ್ತಾನೆ ಬಿಡು," ಅಂದಳು. ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ ಅದರ ಕೀಲಿಯನ್ನು ಪದ್ಧತಿಯಂತೆ ಹೆಂಡತಿಯ ಕೈಗೆ ಕೊಟ್ಟರು. ಫೆಲಿಸ್ಮೀನ ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಗುಂಡಿಗೆ ಇಳಿಸುವಾಗ ಕೆಳಗೆ ನೀರು ಚಪ್ ಅಂದಿತು. ಅವಳಿಗೆ ಸಮಾಧಾನವಾಗಿತ್ತು. ಸುತ್ತಿದ್ದೇವಲ್ಲ.

ಅಂದಿನಿಂದ ಇಗರ್ಜಿಯ ಬೀಗದಕೈ ಅವಳ ಪಾಲಿಗೆ ಬಂತು. ಯಾರೂ ಕೊಡಲಿಲ್ಲ. ಗಂಡ ನೇತುಹಾಕುತ್ತಿದ್ದ ಮೊಳೆಯಲ್ಲೇ ತೂಗುತ್ತಿತ್ತು, ಮಾರನೆಯ ದಿನ ಯಾರೋ ಬಂದು, "ಫೆಲಿಸ್ಮೀನ, ಬಾಗಿಲು ತೆಗಿ," ಅಂದರು, ತೆಗೆದಳು. ಒಬ್ಬೊಬ್ಬರೇ ಕೋಟೆಯ ಮನೆ ಮಾರಿ ಇಳಿದುಹೋದರು. ಮನೆಗಳು ಬಂದುಹೋಗುವವರ ಕೋಣೆಗಳಾದವು. ಚಳಿಗಾಲದಲ್ಲಿ ಕೋಟೆಯೊಳಗೆ ರಾತ್ರಿ ದೀಪ ಹಚ್ಚುವುದು ಅವಳ ಮನೆ, ಲಿಬಾನಿಯೊನ ಮನೆ, ಇನ್ನೊಂದೆರಡು. ಬೆಳಗ್ಗೆ ಬಾಗಿಲು ತೆಗೆದರೆ ಗೋಡೆ. ಆ ಕಡೆ ಹೋದರೂ ಗೋಡೆ. ಗೋಡೆಯಾಚೆ ನೀರು. ಮಂಡಿ ನೋವಿಗೆ ಇಳಿಯುವುದು ಕಷ್ಟ, ಇಳಿದರೆ ಹತ್ತುವುದು ಅದಕ್ಕಿಂತ ಕಷ್ಟ.

ಕುಸ್ತೋದಿಯ ಎರಡು ಸಲ ಕರೆದಳು, ಮೂರನೆಯ ಸಲ ಬೈದಳು. ಅವಳ ಮನೆಯಲ್ಲಿ ಹಿಂದಿನ ಕೋಣೆ ಖಾಲಿಯಿತ್ತು, ಕಿಟಕಿಯಿಂದ ಸ್ಮಶಾನದ ಗೋಡೆ ಕಾಣುತ್ತಿತ್ತು. ಅವಳ ಗಂಡನ ಅಣ್ಣ ಫ್ರಾನ್ಸಿನಿಂದ ವಾಪಸು ಬರುತ್ತೇನೆ, ಆ ಕೋಣೆ ನನಗಿರಲಿ ಅನ್ನುತ್ತಿದ್ದ. ಸತ್ತವರ ಹಬ್ಬದ ಹಿಂದೆಯೇ ಬರುವ ಸಂತ ಮಾರ್ಟಿನನ ಹಬ್ಬದೊಳಗೆ ಫೆಲಿಸ್ಮೀನ ಒಂದು ಮಾತು ಹೇಳಬೇಕಿತ್ತು.

"ಗುಂಡಿ ತೆಗೀಲಿ," ಅಂದಳು ಫೆಲಿಸ್ಮೀನ. "ಅವನನ್ನ ಎತ್ಕೊಂಡೇ ಬರ್ತೀನಿ. ಬಿಟ್ಟು ಬರಲ್ಲ."

ಹೀಗೆ ಆ ದಿನ ಬಂತು. ಸಮಾಧಿಗಳ ಮೇಲೆ ಹಬ್ಬದ ಸೇವಂತಿಗೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಕುಸ್ತೋದಿಯ ಹಿಂದಿನ ದಿನವೇ ಬಂದು ಉಳಿದಿದ್ದಳು. ಫೆಲಿಸ್ಮೀನ ಬಿಳಿ ಬಟ್ಟೆ ತಂದಿದ್ದಳು, ಅಂಚಿಗೆ ತಾನೇ ಹೊಲಿಗೆ ಹಾಕಿದ್ದು. ಎಲುಬು ತೊಳೆಯಲು ಬಕೆಟ್ಟು, ಬ್ರಷ್ಷು, ವೈನು. ಮೂಗಿಗೆ ಹಿಡಿದುಕೊಳ್ಳಲು ವಿನೆಗರಿನಲ್ಲಿ ಅದ್ದಿದ ಕರವಸ್ತ್ರ.

ಲಿಬಾನಿಯೊ ಆಗಲೇ ಅರ್ಧ ತೋಡಿದ್ದ. ಮೊದಲಿನ ಮುದುಕ ಹೋದ ಮೇಲೆ ಈ ಕೆಲಸಕ್ಕೆ ಬಂದವನು ಅವನು. ಮಾತು ಜಾಸ್ತಿ, ಆದರೆ ಕೈ ಮೆತ್ತಗೆ.

"ಏನಕ್ಕ, ಮದುವೆ ಹೆಣ್ಣಿನ ಹಂಗೆ ಬೇಗ ಬಂದಿದೀರ?"

"ನಿನ್ನ ಬಾಯಿ ಮುಚ್ಕೊಂಡು ಅಗಿ."

"ಕೋಳಿ ಚೆನ್ನಾಗಿವೆ. ನನ್ನ ಹೆಂಡ್ತಿ ಹೇಳಕ್ಕೆ ಹೇಳಿದ್ಲು."

"ಎಷ್ಟು ಉಳಿದಿವೆ ಅಂತ ಹೇಳಿದ್ಲಾ?"

ಲಿಬಾನಿಯೊ ನಕ್ಕು ಗುದ್ದಲಿ ಎತ್ತಿದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸತೊಡಗಿದ. ಫೆಲಿಸ್ಮೀನ ಕೊರಳಿನ ದಾರ ತೆಗೆದು ಕೀಲಿಯನ್ನು ಅವನ ಕಡೆ ಚಾಚಿದಳು.

"ಇದು ಯಾಕಕ್ಕ? ಮುಚ್ಚಳಾನೇ ಇಲ್ಲ, ಕೊಳೆತು ಹೋಗಿದೆ. ಬೀಗ ಎಲ್ಲಿಂದ ತರ್ಲಿ?"

"ಕೊಳೆತಿದೆಯಲ್ಲ, ಒಳ್ಳೇದಾಯ್ತು," ಅಂದಳು ಕುಸ್ತೋದಿಯ.

ಲಿಬಾನಿಯೊ ಇನ್ನಷ್ಟು ಮಣ್ಣು ಸರಿಸಿದ. ಬಗ್ಗಿ ಏನನ್ನೋ ಎಳೆದು ನೋಡಿದ. ಅದು ಕರ್ ಅಂದಿತು. ಅವನು ತಲೆಯೆತ್ತಿ ಇಬ್ಬರು ಹೆಂಗಸರನ್ನೂ ನೋಡಿದ.

"ಇವ್ರನ್ನ ಯಾರು ಸುತ್ತಿದ್ದು?"

ಕುಸ್ತೋದಿಯ ಅಕ್ಕನ ಮುಖ ನೋಡಿದಳು.

"ಅಕ್ಕ, ಈ ಸಾಲಲ್ಲಿ ಇದು ಎಷ್ಟನೇದೋ ಗೊತ್ತಿಲ್ಲ. ನೀವು ಹೆಂಗಸ್ರು ಗಂಡಂದಿರನ್ನ ಹೂಳಿಲ್ಲ, ಉಪ್ಪಿನಕಾಯಿ ಹಾಕಿದೀರ. ಪೆಟ್ಟಿಗೆ ಮಣ್ಣಾಗಿದೆ, ಮನುಷ್ಯ ಆಗಿಲ್ಲ. ನೋಡಬೇಡಿ."

ಅವಳು ನೋಡಿದಳು. ಸೂಟಿನ ಗುಂಡಿಗಳು ಹಾಗೇ ಇದ್ದವು, ಅವಳೇ ಹೊಲಿದದ್ದು. ಮುಖದ ಮೇಲಿನ ಪ್ಲಾಸ್ಟಿಕ್ ಒಳಗಿಂದ ಮಂಜಾಗಿತ್ತು. ಅದರ ಹಿಂದೆ ಏನಿತ್ತೋ ಅದು ಎಲುಬಲ್ಲ. ಅಷ್ಟು ಸಾಕಾಯಿತು. ವಾಸನೆ ಮೇಲೆ ಬಂತು. ಕುಸ್ತೋದಿಯ ಕರವಸ್ತ್ರ ಬಿಟ್ಟು ಗೋಡೆಯ ಕಡೆ ಓಡಿದಳು.

"ಈಗೇನು?" ಅಂದಳು ಫೆಲಿಸ್ಮೀನ.

"ಮುಚ್ಚೋದು. ಇನ್ನೆರಡು ವರ್ಷ. ಕಾನೂನು."

"ಹಿಂಗೇ ಮುಚ್ಚಿದ್ರೆ ಎರಡು ವರ್ಷಕ್ಕೆ ಆಗತ್ತಾ?"

"ಹಿಂಗೇ ಮುಚ್ಚಿದ್ರೆ ಇಪ್ಪತ್ತಕ್ಕೂ ಆಗಲ್ಲ. ಮಣ್ಣು ತಾಗಬೇಕು, ನೀರು ಹೋಗಬೇಕು. ಬಿಚ್ಚಿ ತೆಗೆಯಕ್ಕೆ ಆಗಲ್ಲ, ಎಳೆದ್ರೆ..." ಅವನು ಅಷ್ಟಕ್ಕೇ ಬಿಟ್ಟ. "ಉದ್ದಕ್ಕೆ ಸೀಳಬಹುದು."

"ಸೀಳು."

"ನೀವು ಮನೆಗೆ ಹೋಗಿ ಅಕ್ಕ. ನಾನು ಮಾಡ್ತೀನಿ."

"ಒಬ್ನೇ ಹೆಂಗೆ ಮಾಡ್ತೀಯ? ಬಿಗಿ ಹಿಡಿದ್ರೆ ತಾನೇ ಸೀಳೋದು."

ಅವಳು ಮಂಡಿಯೂರಿದಳು. ಎರಡು ಮಂಡಿಯೂ ಕಿರುಚಿಕೊಂಡವು. ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಕೈ ಇಳಿಬಿಟ್ಟು ಪ್ಲಾಸ್ಟಿಕ್ಕಿನ ಅಂಚು ಹಿಡಿದಳು. ಅವತ್ತು ತಾನೇ ಮಡಚಿ ಸಿಗಿಸಿದ ಅಂಚು. ಲಿಬಾನಿಯೊ ಪಾದದ ಕಡೆಯಿಂದ ಕತ್ತರಿ ಹಾಕುತ್ತ ಬಂದ. ಹಗ್ಗ ಒಂದೊಂದಾಗಿ ಬಿಟ್ಟಿತು. ಎದೆಯ ಹತ್ತಿರ ಬಂದಾಗ ಅವನು ನಿಂತ. "ಮುಖದ್ದೂ ಮಾಡ್ಲಾ?"

"ಮಾಡು. ಉಸಿರಾಡ್ಲಿ."

ಮಾಡಿದ. ಅವಳು ಕಣ್ಣು ಮುಚ್ಚಿಕೊಂಡು ಅಂಚು ಹಿಡಿದುಕೊಂಡೇ ಇದ್ದಳು. ಅವನು, "ಬಿಡಿ ಅಕ್ಕ, ಆಯ್ತು," ಅನ್ನುವವರೆಗೂ ಬಿಡಲಿಲ್ಲ. ಮೇಲೆದ್ದು ಮೊದಲ ಮಣ್ಣು ತಾನೇ ಹಾಕಿದಳು, ಕೈಯಿಂದ. ಬೊಗಸೆ ಬೊಗಸೆ. ಜಸಿಂತೊ ಒದ್ದೆಯಾಗಲಿ ಅಂತ ಬಕೆಟ್ಟಿನ ನೀರನ್ನೂ ಸುರಿದಳು.

ಮನೆಗೆ ಬಂದು ಕೈ ತೊಳೆದಳು. ಬೆಳ್ಳುಳ್ಳಿ ಕೊತ್ತಂಬರಿ ಜಜ್ಜಿ, ಬಿಸಿನೀರು ಹೊಯ್ದು, ಒಣಗಿದ ಬ್ರೆಡ್ಡು ಮುರಿದು ಹಾಕಿ, ಮೇಲೊಂದು ಮೊಟ್ಟೆ ಬಿಟ್ಟಳು. ಕುಸ್ತೋದಿಯ ಚಮಚ ಮುಟ್ಟಲಿಲ್ಲ.

"ನಾನು ಏನು ಕಂಡಿದ್ದೆ ಅಕ್ಕ. ಒಳ್ಳೇದಕ್ಕೆ ಅಂತ ತಂದೆ."

"ನೀನು ತಂದೆ, ನಾನು ಸುತ್ತಿದೆ. ಊಟ ಮಾಡು."

"ಹಂಗಾದ್ರೂ ನೀನು ಬಾ. ಭಾವ ಇಲ್ಲಿರ್ಲಿ. ಎರಡು ವರ್ಷ ಆದ್ಮೇಲೆ ಬಂದು ತಗೊಂಡು ಹೋದ್ರಾಯ್ತು."

"ಯಾವ ದಿನ ತೆಗೀತಾರೆ ಅಂತ ಯಾರು ಹೇಳ್ತಾರೆ? ಗೇಟಿಗೆ ಒಂದು ಚೀಟಿ ಅಂಟಿಸ್ತಾರೆ, ಗಾಳಿಗೆ ಹಾರಿ ಹೋಗತ್ತೆ. ಮನೆಯವರು ನಿಲ್ಲದಿದ್ರೆ ಎಲ್ಲರದೂ ಒಟ್ಟಿಗೆ ಹಾಕೋ ಗುಂಡಿಗೆ ಸುರೀತಾರೆ. ಆಮೇಲೆ ಯಾವ ಎಲುಬು ಜಸಿಂತೊಂದು, ಯಾವುದು ಸೈತಾನಂದು?"

"ಲಿಬಾನಿಯೊಗೆ ಹೇಳಿಟ್ರೆ?"

"ಲಿಬಾನಿಯೊನೂ ಹೋಗ್ತಾನೆ. ಅವನ ಹೆಂಡ್ತಿ ಪೇಟೇಲಿ ಮನೆ ನೋಡ್ತಿದಾಳೆ. ಕೋಳಿ ತಿಂದು ಮುಗಿಸಿದ ಮೇಲೆ ಅವ್ರಿಗೆ ಇಲ್ಲೇನು ಕೆಲಸ?"

"ಮತ್ತೆ ಕೋಣೆ?"

"ಕೊಟ್ಬಿಡು. ಬರಕ್ಕೆ ಹೇಳು ನಿನ್ನ ಗಂಡನ ಅಣ್ಣಂಗೆ."

"ಕೊಟ್ರೆ ಮುಗೀತು ಅಕ್ಕ. ಅವನು ಸಾಯೋವರೆಗೂ ಎದ್ದು ಹೋಗಲ್ಲ. ಆಮೇಲೆ ನಿನಗೆ ಜಾಗ ಇರಲ್ಲ."

"ಗೊತ್ತು."

"ಹುಚ್ಚೀನೇ ನೀನು? ಇಲ್ಲಿ ಯಾರಿದಾರೆ ನಿನಗೆ? ಕಲ್ಲು, ಗಾಳಿ, ಆ ಫೋಟೋ ತೆಗೆಯೋರು. ಬಿದ್ದು ಸೊಂಟ ಮುರಿದ್ರೆ ಮುಂದಿನ ಬಸ್ ಬರೋವರೆಗೆ ಬಿದ್ದಿರ್ತೀಯ."

"ಬಿದ್ದಿರ್ತೀನಿ."

"ಅವನಿಗಾಗಿ?"

ಫೆಲಿಸ್ಮೀನ ಬ್ರೆಡ್ಡು ಅದ್ದಿ ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದಳು. ಜಸಿಂತೊನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಅವನು ಗಟ್ಟಿಯಾಗಿ ಮಲಗಿಬಿಟ್ಟಿದ್ದ, ಇವಳ ಗಂಟು ಕಟ್ಟಿಟ್ಟದ್ದು ಅವನಿಗೆ ಲೆಕ್ಕಕ್ಕೇ ಇಲ್ಲ. ಸಿಟ್ಟು ಬಂದರೂ ಎದ್ದು ಹೋಗಲು ಕಾಲು ಬರುತ್ತಿಲ್ಲ.

"ಹುಡುಗಿ ಪಕ್ಕ ಜಾಗ ಖಾಲಿ ಇದೆ," ಅಂದಳು ಕೊನೆಗೆ. "ಆ ಜಾಗ ಅವನು ಅಳೆದು ನೋಡಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ."

ಕುಸ್ತೋದಿಯ ಮೂಗು ಒರೆಸಿಕೊಂಡು ಚಮಚ ಎತ್ತಿದಳು. ತಣ್ಣಗಾಗಿತ್ತು. ಆದರೂ ತಿಂದಳು. ಫೆಲಿಸ್ಮೀನ ಎದ್ದು ಹೋಗಿ ಬಾಗಿಲ ಬಳಿ ಇದ್ದ ಗಂಟುಗಳಲ್ಲಿ ಒಂದನ್ನು ಬಿಚ್ಚಿ ಚಳಿಗಾಲದ ಶಾಲು ತೆಗೆದು ಮೊಳೆಗೆ ಹಾಕಿದಳು. ಇನ್ನೊಂದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಮಂಚದ ಕೆಳಗೆ ತಳ್ಳಿದಳು.

ಮಧ್ಯಾಹ್ನದ ಬಸ್ಸಿಗೆ ತಂಗಿಯನ್ನು ಬಿಡಲು ಕೋಟೆ ಬಾಗಿಲವರೆಗೆ ಇಳಿದಳು. ಅದೇ ಬಸ್ಸಿನಿಂದ ನೋಡಲು ಬಂದವರು ಇಳಿದರು, ಮೇಲೆ ನೋಡಿ "ಆಹಾ" ಅಂದರು, ಅವರಿಬ್ಬರನ್ನು ದಾಟಿಕೊಂಡು ಹತ್ತತೊಡಗಿದರು. ಕುಸ್ತೋದಿಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಎರಡು ವರ್ಷ ಆದ್ಮೇಲೂ ಭಾವ ಹಂಗೇ ಇದ್ರೆ?"

"ಇನ್ನೆರಡು ವರ್ಷ."

"ಅಷ್ಟರಲ್ಲಿ ನೀನೇ ಸತ್ರೆ?"

"ಸತ್ರೆ ಮಳೆ ಬರ್ತಿದ್ರೂ ಪ್ಲಾಸ್ಟಿಕ್ ಹಿಡ್ಕೊಂಡು ಬರಬೇಡ."

ಕುಸ್ತೋದಿಯಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಡ್ರೈವರು ಹತ್ತಿ ತಾಯಿ ಅಂದ, ಹತ್ತಿದಳು. ಬಸ್ಸು ತಿರುವಿನಲ್ಲಿ ಇಳಿದು ಹೋಯಿತು.

ಫೆಲಿಸ್ಮೀನ ಬಾಗಿಲಿನೊಳಗೆ ಬಂದಳು. ಅಲ್ಲಿಂದ ಏರು. ಅರ್ಧದಲ್ಲಿ ಗೋಡೆಗೆ ಕೈಯೂರಿ ನಿಂತಳು. ಉಗುರಿನೊಳಗೆ ಸ್ಮಶಾನದ ಮಣ್ಣು ಇನ್ನೂ ಇತ್ತು. ತೊಳೆದರೂ ಹೋಗಿರಲಿಲ್ಲ. ಮೇಲಿಂದ ಯಾರೋ, ಇಗರ್ಜಿ ಬಾಗಿಲು ಮುಚ್ಚಿದೆಯಲ್ಲ, ಯಾರೂ ಇಲ್ಲವೇ ಅಂತ ಕೂಗುತ್ತಿದ್ದರು.

"ಇದೀನಿ," ಅಂದಳು. "ಬರ್ತಿದೀನಿ ತಡೀರಿ." ಮತ್ತೆ ಹತ್ತಿದಳು.